ಯಶವಂತಭಾಯಿ ಕೊಡದ ಬಿಲ್ಲೆ

ಚಟ್ಟದ ಹಗ್ಗಕ್ಕೆ ಹಾಕಿದ ಗಂಟನ್ನು ರಮಾಮಣಿ ಎರಡನೆಯ ಸಲ ಬಿಚ್ಚಿದರು.

“ಅವ್ವಾ, ಏನ್ ಮಾಡ್ಲಿಕತ್ತಿ?” ಮಗ ಅನಿಲ್ ಹಗ್ಗದ ಇನ್ನೊಂದು ತುದಿಯನ್ನು ಬಿಡದೆ ಕೇಳಿದ. “ಗಾಡಿ ಗೇಟಿನ ಹೊರಗ ನಿಂತದ. ಹನ್ನೆರಡಕ್ಕ ಇನ್ನೊಂದು ಮನಿಗೆ ಹೋಗೋದದ ಅಂತಾನ ಡ್ರೈವರ್.”

“ಹೋಗ್ಲಿ. ಬ್ಯಾರೆ ಗಾಡಿ ಬರ್ತದ. ಯಶವಂತಭಾಯಿ ಬರೂತನಕಾ ನಿಮ್ಮಪ್ಪನ್ನ ಎತ್ತಂಗಿಲ್ಲ.”

“ಅವರು ಸುರತ್‌ನಿಂದ ಬರಬೇಕು. ಈಗ ಭರೂಚ್ ದಾಟ್ಯಾರಂತ.”

“ದಾಟ್ಯಾರಲ್ಲ? ಮತ್ಯಾಕ ಅವಸರ? ಹತ್ತು ದಿನ ಆಸ್ಪತ್ರ್ಯಾಗ ಮಲಗಿದವರು ಇನ್ನೊಂದು ತಾಸು ಮಲಗ್ಲಿಕ್ಕೆ ಏನೂ ಅನ್ನೂದಿಲ್ಲ.”

ಗುಜರಾತಿನ ಮಂಜಲ್‌ಪುರದ ಆ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಬಿಳಿ ಬಟ್ಟೆ ತೊಟ್ಟ ನೆರೆಹೊರೆಯವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ನಿನ್ನೆ ಸಂಜೆ ತೀರಿಹೋದ ಬಾಲಚಂದ್ರ ಕಟಗೇರಿ ಅವರಿಗೆಲ್ಲ ಬ್ಯಾಂಕಿನ ಕಟಗೇರಿಭಾಯಿ. ಎಪ್ಪತ್ತಾರು ವರ್ಷ. ಹದಿನೈದು ವರ್ಷ ಮಿಲಿಟರಿ, ಇಪ್ಪತ್ತೆರಡು ವರ್ಷ ಬ್ಯಾಂಕಿನ ಗುಮಾಸ್ತಿಕೆ, ಆಮೇಲೆ ದಿನವೂ ಬೆಳಿಗ್ಗೆ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ನೋಡುವ ಕೆಲಸ. ಹೇಳಲು ಕೂತರೆ ಅಷ್ಟೇ. ಮಾತಿಗೊಂದು ಕತೆ ಕಟ್ಟುವ ಮನುಷ್ಯರೂ ಅವರಲ್ಲ.

ಪಕ್ಕದ ಮನೆಯ ರಜನಿಬೆನ್ ಮಾತ್ರ ಒಂದನ್ನು ನೆನೆದರು. ಕೌಂಟರಿಗೆ ಯಾರೇ ಹೋಗಲಿ, ಕಟಗೇರಿಭಾಯಿ ಕಾಗದ ತಿರುಗಿಸಿ ಮುಂದಿಟ್ಟು “ತಮಾರು ನಾಮ್ ವಾಂಚೋ” ಅನ್ನುತ್ತಿದ್ದರಂತೆ. ನಿಮ್ಮ ಹೆಸರು ನೀವೇ ಓದಿ. ಓದಿ ಹೇಳುವವರೆಗೆ ಸೀಲು ಒತ್ತುತ್ತಿರಲಿಲ್ಲ. ಹಿಂದೆ ನಿಂತವರು ಗೊಣಗುತ್ತಿದ್ದರು. “ನನ್ನ ಹೆಸರನ್ನು ನಾನೇ ಓದಿಕೊಂಡಿದ್ದು ಅವರೊಬ್ಬರ ಮುಂದೆಯೇ ನೋಡಿ,” ಎಂದು ರಜನಿಬೆನ್ ಹಿಂದಿಯಲ್ಲಿ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಹಮದಾಬಾದಿನಿಂದ ನಸುಕಿನಲ್ಲೇ ಹೊರಟು ಬಂದಿದ್ದ ಮಗಳು ವಿಂಧ್ಯಾ ತಾಯಿಯ ಪಕ್ಕ ಕೂತಳು. ಅವಳು ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಇಂಜಿನಿಯರು. ಯಾವ ಮಾತನ್ನೂ ಬುಡ ಕಾಣದೆ ಬಿಡುವವಳಲ್ಲ.

“ಅವ್ವಾ, ಯಶವಂತ ಕಾಕಾ ಬರಬೇಕು ಸರಿ. ಆದರ ಹಗ್ಗ ಯಾಕ ಬಿಚ್ಚಿದಿ? ಕಟ್ಟಿ ಇಟ್ಟರ ಏನಾಗ್ತದ?”

“ಅವನ ಕಡೆ ಒಂದು ಜೋಡಿ ಬಿಲ್ಲೆ ಅವ. ಮಿಲಿಟರಿ ಬಿಲ್ಲೆ, ಸಿಪಾಯಿಗಳು ಕೊರಳಿಗೆ ಹಾಕ್ಕೋತಾರಲ್ಲ, ಅವು. ಅದರ ಮ್ಯಾಲ ನಿಮ್ಮಪ್ಪನ ಹೆಸರದ. ಐವತ್ತು ವರ್ಷದಿಂದ ನಿಮ್ಮಪ್ಪ ‘ವಾಪಸ್ ಕೊಡು’ ಅಂತ ಬೇಡ್ಕೊಂಡ್ರು, ಅಂವ ಕೊಡಲಿಲ್ಲ. ಮೊನ್ನಿ ಆಸ್ಪತ್ರ್ಯಾಗ ಕಡೀ ಮಾತು ಅದ. ‘ರಮಾ, ಆ ಬಿಲ್ಲೆ ಇಸಗೋ. ಅದನ್ನ ತಗೊಂಡ ಹೋಗ್ತೀನಿ.’ ಇಸಗೊಂಡು ಅವರ ಮೈಮ್ಯಾಲ ಇಟ್ಟ ಮ್ಯಾಲ ಕಟ್ಟರಿ. ಅಲ್ಲೀತನಕಾ ಯಾರೂ ಹಗ್ಗ ಮುಟ್ಟಬ್ಯಾಡ್ರಿ.”

“ಅಪ್ಪನ ಹೆಸರಿನ ಬಿಲ್ಲೆ ಕಾಕಾನ ಕಡೆ ಹೆಂಗ ಹೋತು?” ಅನಿಲ್ ಕೇಳಿದ. “ಅಪ್ಪ ಯುದ್ಧದಾಗ ಕಾಕಾನ ಜೀವಾ ಉಳಿಸಿದ್ದು, ಆವಾಗೇನು?”

ರಮಾಮಣಿ ಮಗನ ಮುಖ ನೋಡಿದರು. ಮಕ್ಕಳಿಬ್ಬರೂ ಹಾಗೆಂದೇ ನಂಬಿ ಬೆಳೆದಿದ್ದರು. ಪ್ರತಿವರ್ಷ ಚಾಂದನಿ ಪಡವಾ ಹಬ್ಬಕ್ಕೆ ಸುರತ್‌ನಿಂದ ಘಾರಿ ಸಿಹಿಯ ಡಬ್ಬಿ, ಭಾಭಿಗೊಂದು ಸೀರೆ ಹಿಡಿದು ಬರುವ ಯಶವಂತ ಪರ್ಮಾರ್, “ನಾನು ಬದುಕಿದ್ದು ಇವರಿಂದ” ಅನ್ನುತ್ತಿದ್ದರು. ಅಷ್ಟು ಕೇಳುತ್ತಲೇ ಬಾಲಚಂದ್ರ ಎದ್ದು ಟ್ಯಾಂಕಿನ ನೀರು ನೋಡಲು ಮಹಡಿಗೆ ಹೋಗಿಬಿಡುತ್ತಿದ್ದರು. ಅಪ್ಪನಿಗೆ ಹೊಗಳಿಕೆ ಆಗುವುದಿಲ್ಲ ಎಂದುಕೊಂಡಿದ್ದರು ಮಕ್ಕಳು.

“ಯುದ್ಧಕ್ಕ ಹೋಗಿದ್ರ ಉಳಸ್ತಿದ್ರು,” ಎಂದರು ರಮಾಮಣಿ. “ನಿಮ್ಮಪ್ಪ ಒಂದು ಗುಂಡೂ ಹಾರಿಸಿಲ್ಲ. ಸುತ್ತಿಗಿ ಹಿಡಕೊಂಡು ಕೂತಿದ್ರು.”

•

೧೯೭೧ರ ನವೆಂಬರ್ ಕೊನೆ. ಪಶ್ಚಿಮದ ಗಡಿಗೆ ಒಂದು ದಿನದ ದಾರಿಯಲ್ಲಿದ್ದ ಉಗ್ರಾಣವೊಂದರಲ್ಲಿ ಇಪ್ಪತ್ಮೂರರ ಬಾಲಚಂದ್ರ ಬಿಲ್ಲೆ ಹೊಡೆಯುತ್ತಿದ್ದ. ಒಬ್ಬ ಸಿಪಾಯಿಗೆ ಎರಡು ಬಿಲ್ಲೆ. ಒಂದು ದುಂಡಗಿನದು, ಒಂದು ಮೊಟ್ಟೆಯಾಕಾರದ್ದು. ಎರಡರ ಮೇಲೂ ನಂಬರು, ಹೆಸರು, ಧರ್ಮ, ರಕ್ತದ ಗುಂಪು. ಎಡಗೈಯಲ್ಲಿ ಉಕ್ಕಿನ ಅಕ್ಷರದಚ್ಚು, ಬಲಗೈಯಲ್ಲಿ ಸುತ್ತಿಗೆ. ಒಂದಕ್ಷರಕ್ಕೆ ಒಂದೇ ಏಟು. ಏಟು ಜಾರಿದರೆ ಎಡಗೈ ಹೆಬ್ಬೆರಳಿಗೆ. ಅವನ ಆ ಉಗುರು ಸದಾ ಕಪ್ಪಗೇ ಇರುತ್ತಿತ್ತು.

ಉಗ್ರಾಣದ ಮುದುಕ ಹವಾಲ್ದಾರನಿಗೆ ಬಿಲ್ಲೆಯೆಂದರೆ ಬಲು ಭಕ್ತಿ. ಬ್ರಿಟಿಷರ ಕಾಲದ ದೊಡ್ಡ ಯುದ್ಧದಲ್ಲಿ ಒತ್ತಿದ ನಾರಿನ ಬಿಲ್ಲೆಗಳಿದ್ದವಂತೆ, ಮಣ್ಣಿನಲ್ಲಿ ಮೈಗಿಂತ ಮೊದಲು ಅವೇ ಕೊಳೆಯುತ್ತಿದ್ದವಂತೆ. ಹಾಗೆ ಹೆಸರಿಲ್ಲದೆ ಹೋದವರಿಗೆ ಲೆಕ್ಕವಿಲ್ಲ ಎಂದು ಅವನು ಹೇಳುತ್ತಿದ್ದ. “ಚೆನ್ನಾಗಿ ಹೊಡಿ. ಇದು ಬರೀ ತಗಡಲ್ಲ. ಒಬ್ಬ ತಾಯಿಗೆ ಹೋಗುವ ಕಾಗದ.”

ಬಾಲಚಂದ್ರ ಚೆನ್ನಾಗಿಯೇ ಹೊಡೆಯುತ್ತಿದ್ದ. ದಿನವೂ ಬೆಳಿಗ್ಗೆ ಅಚ್ಚುಗಳ ಮೊನೆ ನೋಡಲು, ಕೈ ಹದಕ್ಕೆ ತರಲು, ಮೊದಲ ಜೋಡಿ ಬಿಲ್ಲೆಗೆ ತನ್ನದೇ ನಂಬರು, ತನ್ನದೇ ಹೆಸರು ಹೊಡೆಯುವುದು ಅವನ ರೂಢಿ. ಅದಾದರೆ ಪಟ್ಟಿ ನೋಡಬೇಕಿಲ್ಲ, ಬಾಯಿಪಾಠ. ಹೊಡೆದು, ನೋಡಿ, ಪಕ್ಕದ ಡಬ್ಬಿಗೆ ಹಾಕುತ್ತಿದ್ದ.

ಆ ವಾರ ಮೂರು ದಿನದಲ್ಲಿ ನಾನೂರು ಜನರಿಗೆ ಬಿಲ್ಲೆ ಆಗಬೇಕಿತ್ತು. ದಾರ ಪೋಣಿಸುವವರು ಬೇರೆ, ಹಂಚುವವರು ಬೇರೆ. ಒಂದು ದಿನದ ರೂಢಿಯ ಜೋಡಿ ಡಬ್ಬಿಗೆ ಬೀಳದೆ ಹಂಚುವ ತಟ್ಟೆಗೆ ಬಿತ್ತು. ವ್ಯಾರಾ ಕಡೆಯ ಹಳ್ಳಿಯಿಂದ ಬಂದ, ಇಂಗ್ಲಿಷ್ ಅಕ್ಷರ ಓದಲು ಬಾರದ ಯಶವಂತ ಪರ್ಮಾರ್ ಸಾಲಿನಲ್ಲಿ ಕೈ ಚಾಚಿದ. ಕೈಗೆ ಬಂದದ್ದನ್ನು ಕೊರಳಿಗೆ ಹಾಕಿಕೊಂಡು ಲಾರಿ ಹತ್ತಿದ. ಅವನ ಹೆಸರಿನ ಜೋಡಿ ತಟ್ಟೆಯಲ್ಲೇ ಉಳಿಯಿತು. ಅದು ಬಾಲಚಂದ್ರನ ಕಣ್ಣಿಗೆ ಬೀಳುವ ಹೊತ್ತಿಗೆ ಲಾರಿ ಹೋಗಿ ನಾಲ್ಕು ದಿನವಾಗಿತ್ತು, ಯುದ್ಧ ಶುರುವಾಗಿತ್ತು.

ಆಮೇಲೆ ವಿಚಾರಣೆ ನಡೆದು ಬಾಲಚಂದ್ರನ ತೋಳಿನ ಒಂದೇ ಒಂದು ದರ್ಜೆಯ ಪಟ್ಟಿಯನ್ನು ಕಿತ್ತುಕೊಂಡರು. ಅದಕ್ಕವನು ಬೇಸರಪಡಲಿಲ್ಲ. ಅವನನ್ನು ಕಾಡಿದ್ದು ಬೇರೆ. ತಾನು ಒಬ್ಬ ಮನುಷ್ಯನ ಹೆಸರನ್ನು ಕಳೆದೆ ಎಂಬುದು.

•

ಯಶವಂತಭಾಯಿ ಬಂದಾಗ ಹನ್ನೆರಡೂಕಾಲು. ಮೊದಲ ಗಾಡಿ ಹೋಗಿಯಾಗಿತ್ತು. ರಿಕ್ಷಾದಿಂದ ಮೊದಲು ಕೋಲು ಇಳಿಯಿತು, ಆಮೇಲೆ ಎಡಗಾಲು, ಆಮೇಲೆ ಎಪ್ಪತ್ಮೂರರ ಆ ದೊಡ್ಡ ದೇಹ. ಪಾಂಡೇಸರಾದ ಬಣ್ಣದ ಮಿಲ್ಲಿನಲ್ಲಿ ಮೂವತ್ತು ವರ್ಷ ಗೇಟು ಕಾದವರು. ದವಡೆಯ ಕೆಳಗೆ ಹಳೆಯ ಗಾಯದ ಗೆರೆ.

ಯಾರನ್ನೂ ಮಾತಾಡಿಸದೆ ಅವರು ನೆಟ್ಟಗೆ ಬಾಲಚಂದ್ರರ ತಲೆಯ ಬಳಿ ಹೋಗಿ ಕಷ್ಟಪಟ್ಟು ಮೊಣಕಾಲೂರಿದರು. ಹಣೆಯ ಮೇಲೆ ಕೈಯಿಟ್ಟರು.

“ಏಳ್ರಿ,” ಎಂದರು ಕನ್ನಡದಲ್ಲಿ. “ಕಣ್ಣ ತೆಗೀರಿ. ಒಂದ್ ಗುಟುಕ ನೀರ ಕುಡೀರಿ.”

ಯಶವಂತಭಾಯಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಅದನ್ನು ಅವರು ಎಲ್ಲಿ ಕಲಿತರೆಂದು ಮಕ್ಕಳು ಎಂದೂ ಕೇಳಿರಲಿಲ್ಲ. ರಮಾಮಣಿ ಬಾಯಿಗೆ ಸೆರಗು ಒತ್ತಿಕೊಂಡರು, ಬೆಳಗಿನಿಂದ ಹಿಡಿದಿದ್ದ ಅಳು ಆಗ ಬಂತು.

ಅತ್ತು ಮುಗಿಸಿ ಅವರು ನೇರವಾಗಿಯೇ ಕೇಳಿದರು. ಅವರ ಹಿಂದಿಯನ್ನು ಧಾರವಾಡದ ಧಾಟಿ ಎಂದೂ ಬಿಟ್ಟಿರಲಿಲ್ಲ. “ಭಾಯಿ, ಬಿಲ್ಲೆ ಕೊಡಿ. ಅವರು ಕಡೆಗೆ ಕೇಳಿದ್ದು ಅದೊಂದೇ.”

ಯಶವಂತಭಾಯಿಯ ಕೈ ತಾನಾಗಿ ಅಂಗಿಯ ಗುಂಡಿಯ ಮೇಲೆ ಹೋಯಿತು. “ಬೇರೆ ಏನಾದರೂ ಕೇಳಿ ಭಾಭಿ. ಮನೆ ಕೇಳಿ. ಇದನ್ನು ಕೊಡಲ್ಲ.”

“ಅರೆ, ಅವರೇ ಹೋದರಲ್ಲ! ಇನ್ನೂ ಹಟವೇ?”

“ಬದುಕಿದ್ದಾಗ ಅವರಿಗೇ ಕೊಡಲಿಲ್ಲ. ಯಾಕೆ ಕೊಡಲಿ? ಕೊಟ್ಟರೆ ಸುತ್ತಿಗೆಯಿಂದ ಜಜ್ಜಿ ಹಾಕುತ್ತಿದ್ದರು. ಇದನ್ನು ಅವರು ತಪ್ಪು ಅನ್ನುತ್ತಿದ್ದರು.”

“ತಪ್ಪಲ್ಲದೆ ಏನು? ಆ ತಪ್ಪು ಹೊತ್ತುಕೊಂಡೇ ಬದುಕಿದರು. ಮಕ್ಕಳ ಹೆಸರು ಶಾಲೆಯಲ್ಲಿ ಬರೆಸುವಾಗ ಮೂರು ಮೂರು ಸಲ ಓದಿ ನೋಡುತ್ತಿದ್ದರು. ಇನ್ನಾದರೂ ಹಗುರಾಗಿ ಹೋಗಲಿ ಭಾಯಿ. ನಿಮಗೆ ಕೈಮುಗಿದು ಕೇಳುತ್ತೇನೆ.”

ರಮಾಮಣಿ ನಿಜವಾಗಿಯೂ ಕೈಮುಗಿದರು. ಯಶವಂತಭಾಯಿ ಗಾಬರಿಯಾಗಿ ಆ ಕೈಗಳನ್ನು ಹಿಡಿದು ಬಿಡಿಸಿದರು.

“ಈ ಕೈಗಳನ್ನು ನನ್ನ ಮುಂದೆ ಮುಗಿಯಬೇಡಿ,” ಎಂದರು. “ಈ ಕೈಗಳು ಏನು ಮಾಡಿವೆ ಅಂತ ಈ ಮಕ್ಕಳಿಗೆ ಹೇಳಿದ್ದೀರಾ?”

ಹೇಳಿರಲಿಲ್ಲ. ಹೇಳಿದರೆ ಗಂಡನ ತಪ್ಪನ್ನೂ ಹೇಳಬೇಕಾಗುತ್ತಿತ್ತು.

•

ಧಾರವಾಡದ ಮನೆಗೆ ಮಿಲಿಟರಿಯ ತಾರು ಬಂದಾಗ ರಮಾಮಣಿಗೆ ಹದಿನೆಂಟು. ಮದುವೆಯಾಗಿ ಎರಡು ತಿಂಗಳು, ಅದರಲ್ಲಿ ಗಂಡ ಮನೆಯಲ್ಲಿದ್ದದ್ದು ಹನ್ನೊಂದು ದಿನ. ಬಾಲಚಂದ್ರ ಕಟಗೇರಿ, ಇಂಥ ನಂಬರು, ತೀವ್ರವಾಗಿ ಗಾಯಗೊಂಡಿದ್ದಾರೆ, ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿದ್ದಾರೆ. ಮಾವ ಅಚ್ಯುತರಾಯರು ಅವಳನ್ನು ಕರೆದುಕೊಂಡು ಧಾರವಾಡದಿಂದ ಮಿರಜಿಗೆ, ಮಿರಜಿನಲ್ಲಿ ಗಾಡಿ ಬದಲಿಸಿ ಪುಣೆಗೆ ಹೋದರು.

ಮಂಚದ ಮೇಲಿದ್ದವನ ತಲೆ, ಮುಖ, ದವಡೆ ಎಲ್ಲ ಬ್ಯಾಂಡೇಜು. ಮೂಗಿನ ಬಳಿ ಒಂದು ನಳಿಗೆ. ಅಚ್ಯುತರಾಯರು ಬಾಗಿಲಲ್ಲೇ ನಿಂತರು. ರಮಾಮಣಿ ಹತ್ತಿರ ಹೋಗಿ ಎಡಗೈ ಹಿಡಿದಳು. ಮದುವೆಯ ದಿನ ತಲೆ ತಗ್ಗಿಸಿ ಕೂತು ಅವಳು ಸರಿಯಾಗಿ ನೋಡಿದ್ದು ಗಂಡನ ಕೈಯನ್ನೇ, ಆ ಕಪ್ಪು ಉಗುರನ್ನೇ. ಈ ಹೆಬ್ಬೆರಳಿನ ಉಗುರು ಬೆಳ್ಳಗಿತ್ತು. ಮೊಣಕೈ ಕೆಳಗೆ ಅವಳು ಎಂದೂ ನೋಡಿರದ ಹಚ್ಚೆ.

“ಮಾವನವರ,” ಎಂದಳು. “ಇವರು ಅವರಲ್ಲ.”

ಅಚ್ಯುತರಾಯರು ಹತ್ತಿರ ಬಂದು ಕೈ ನೋಡಿದರು, ಪಾದ ನೋಡಿದರು, ಗೋಡೆಗೆ ಹಣೆ ಹಚ್ಚಿ “ದೇವರು ಕಾಪಾಡಿದ” ಎಂದರು. ರಮಾಮಣಿಗೂ ಆದದ್ದು ಖುಷಿಯೇ. ಮೈತುಂಬ ಖುಷಿ. ಆ ಖುಷಿಯಲ್ಲಿ ಮತ್ತೆ ಮಂಚದ ಕಡೆ ನೋಡಿದಳು. ಬ್ಯಾಂಡೇಜಿನ ನಡುವೆ ಒಂದು ಕಣ್ಣು ಅರೆ ತೆರೆದು, ಎಲ್ಲೂ ನೋಡದೆ, ಮುಚ್ಚಿಕೊಂಡಿತು. ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

“ನಡಿಯವ್ವಾ, ಸಂಜಿ ಗಾಡಿಗೆ ಹೋಗೋಣು,” ಎಂದರು ಮಾವ.

“ಇವರು ಯಾರು?”

“ಯಾರೋ ಏನೋ. ಕಚೇರಿಯವರು ಹುಡುಕ್ತಾರ.”

“ಹುಡುಕೂತನಕಾ ಇವರ ಕಡೆ ಯಾರಿರ್ತಾರ? ಇವರ ಅವ್ವಗ ಗೊತ್ತೇ ಇಲ್ಲಲ್ಲ, ಮಗಾ ಇಲ್ಲಿದ್ದಾನಂತ. ಆಕಿಗೆ ಹೋಗೋ ತಾರು ನನಗ ಬಂದದ. ಆಕಿ ಬರೂತನಕಾ ನಾ ಬರಂಗಿಲ್ರಿ.”

ಮಾವನಿಗೆ ಎದುರಾಡಿದ್ದು ಅದೇ ಮೊದಲು. ಅಚ್ಯುತರಾಯರು ಸಿಟ್ಟಾದರು, ಹೊರಗೆ ಹೋಗಿ ಚಹಾ ಕುಡಿದರು, ತಿರುಗಿ ಬಂದು ತಾವೂ ಉಳಿದರು. ದಾದಿಯರು ಮೊದಲು ಬೈದು ಆಮೇಲೆ ಸ್ಟೂಲು ಕೊಟ್ಟರು. ಅವಳಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಕನ್ನಡದಲ್ಲೇ ಬೆಳಗಿನಿಂದ ಸಂಜೆಯವರೆಗೆ ಕರೆದಳು. ಏಳ್ರಿ. ಕಣ್ಣ ತೆಗೀರಿ. ಒಂದ್ ಗುಟುಕ ನೀರ ಕುಡೀರಿ. ಹೆಸರು ಗೊತ್ತಿಲ್ಲದವನನ್ನು ಇನ್ನು ಹೇಗೆ ಕರೆಯುವುದು? ಹತ್ತಿಯನ್ನು ನೀರಲ್ಲಿ ಅದ್ದಿ ತುಟಿಗೆ ಹಿಂಡಿದಳು. ಬೆನ್ನು ಹುಣ್ಣಾಗದಂತೆ ದಾದಿಯ ಜೊತೆ ಸೇರಿ ಹೊರಳಿಸಿದಳು.

ಹನ್ನೊಂದನೆಯ ದಿನ ಅವನು ಎಡಗೈಯಲ್ಲಿ ಪೆನ್ಸಿಲು ಹಿಡಿದು ಗುಜರಾತಿಯಲ್ಲಿ ತನ್ನ ಹೆಸರು, ಊರು ಬರೆದ. ಇಪ್ಪತ್ತನೆಯ ದಿನ ಹಳ್ಳಿಯಿಂದ ಅವನ ಸೋದರಮಾವ ಬಂದ. ರಮಾಮಣಿ ಸ್ಟೂಲಿನಿಂದ ಎದ್ದು, ಆ ಮನುಷ್ಯನನ್ನು ಅದರ ಮೇಲೆ ಕೂರಿಸಿ, ಮಾವನ ಜೊತೆ ಧಾರವಾಡದ ಗಾಡಿ ಹತ್ತಿದಳು.

•

ಈ ಕತೆಯನ್ನು ಅಂಗಳದಲ್ಲಿ ಹೇಳಿದ್ದು ಯಶವಂತಭಾಯಿ. ಬಾಲಚಂದ್ರರ ತಲೆಯ ಬಳಿ ನೆಲದ ಮೇಲೆ ಕೂತೇ ಹೇಳಿದರು. ಅನಿಲ್ ಹಗ್ಗ ಕೆಳಗಿಟ್ಟು ಕೇಳಿದ.

“ಅಂದ್ರ ನಮ್ಮಪ್ಪ...” ಅವನು ಹಿಂದಿಗೆ ಹೊರಳಿದ. “ಪಪ್ಪಾ ನಿಮ್ಮನ್ನು ಉಳಿಸಲಿಲ್ಲ.”

“ಉಳಿಸಿದರು ಬೇಟಾ. ನನ್ನ ಹೆಸರನ್ನೇ ಸರಿಯಾಗಿ ಹೊಡೆದು ಕೊಟ್ಟಿದ್ದರೆ ತಾರು ನಮ್ಮ ಹಳ್ಳಿಗೆ ಹೋಗುತ್ತಿತ್ತು. ನನ್ನ ತಾಯಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ಮಾಮಾ ತನ್ನ ಜನ್ಮದಲ್ಲಿ ಬಸ್ಸು ಹತ್ತಿದ್ದೇ ಆ ಒಂದು ಸಲ. ಅವನು ಬರುವ ಹೊತ್ತಿಗೆ ನಾನು ಇರುತ್ತಿರಲಿಲ್ಲ. ಡಾಕ್ಟರು ಆಮೇಲೆ ಹೇಳಿದರು, ‘ಯಾರೋ ಕರೀತಿದ್ದರು, ನೀನು ಬಂದೆ’ ಅಂತ. ನಿಮ್ಮಪ್ಪ ತಪ್ಪು ತಪ್ಪು ಅಂತ ಸಾಯುತ್ತಿದ್ದರು. ಮದರಾಸಿನವರ ಹಾಗೆ ಇಂಗ್ಲಿಷಿನಲ್ಲಿ ಸಾರಿ ಬೇರೆ! ಎಷ್ಟು ಸಲ ಬೈದೆ. ಬ್ಯಾಂಕಿಗೆ ಸೇರಿ ಈ ಊರಿಗೆ ಬಂದಾಗ ಮನೆ ಹುಡುಕಿಕೊಟ್ಟೆ, ಅದಕ್ಕೂ ಸಾರಿ. ಒಳ್ಳೆ ಮನುಷ್ಯ. ಥ್ಯಾಂಕ್ಸ್ ತಗೊಳ್ಳಲು ಬರುತ್ತಿರಲಿಲ್ಲ.”

ಅಂಗಿಯ ಮೇಲಿನ ಗುಂಡಿ ಬಿಚ್ಚಿ ದಾರವನ್ನು ಹೊರಗೆ ಎಳೆದರು. ಸವೆದು ಮಾಸಿದ ಎರಡು ಬಿಲ್ಲೆಗಳು ಅವರ ಅಂಗೈಗೆ ಬಂದವು. ವಿಂಧ್ಯಾ ಬಾಗಿ ನೋಡಿದಳು. ಅಪ್ಪನ ಹೆಸರು, ಒಂದೊಂದು ಅಕ್ಷರವೂ ಒಂದೇ ಆಳ.

“ಕಾಕಾ, ಎರಡು ಯಾಕೆ? ಒಂದು ಕಳೆದರೆ ಇರಲಿ ಅಂತಲಾ?”

“ಅಲ್ಲ ಬೇಟಾ. ಸಿಪಾಯಿ ಸತ್ತರೆ ಒಂದನ್ನು ಅವನ ಮೈಮೇಲೆ ಬಿಡಬೇಕು. ಇವನು ಇಂಥವನು ಅಂತ ಅದು ಹೇಳುತ್ತದೆ. ಇನ್ನೊಂದನ್ನು ಜೊತೆಗಿದ್ದವನು ಬಿಚ್ಚಿಕೊಂಡು ಹೋಗಿ ವರದಿ ಕೊಡಬೇಕು. ಅದಕ್ಕೆ...”

ಯಶವಂತಭಾಯಿ ಅಲ್ಲಿಗೇ ನಿಂತರು. ಅಂಗೈಯ ಬಿಲ್ಲೆಗಳನ್ನು ನೋಡಿದರು, ಪಕ್ಕದಲ್ಲಿ ಮಲಗಿದ್ದ ಗೆಳೆಯನನ್ನು ನೋಡಿದರು. ರಜನಿಬೆನ್ ತಂದುಕೊಟ್ಟ ನೀರನ್ನು ಪಕ್ಕಕ್ಕೆ ಸರಿಸಿದರು.

“ಕತ್ತರಿ ಕೊಡಿ,” ಎಂದರು ಆಮೇಲೆ.

ದಾರ ಕತ್ತರಿಸಿ ದುಂಡಗಿನ ಬಿಲ್ಲೆಯನ್ನು ರಮಾಮಣಿಯ ಕೈಗಿಟ್ಟರು. ಮೊಟ್ಟೆಯಾಕಾರದ್ದನ್ನು ಮುಷ್ಟಿಯಲ್ಲಿ ಇಟ್ಟುಕೊಂಡರು. “ಕೊಟ್ಟೆ ಅಂತ ತಿಳಿಯಬೇಡಿ ಭಾಭಿ. ನಿಯಮ ಇರುವುದು ಹೀಗೆ. ಒಂದು ಅವರದು, ಒಂದು ನನ್ನದು. ಮತ್ತೆ ಇದನ್ನು ತಪ್ಪು ಅಂತ ಯಾರೂ ಅನ್ನಬಾರದು.”

ರಮಾಮಣಿ ಬಿಲ್ಲೆಯನ್ನು ಗಂಡನ ಎಡಗೈಗೆ ಕಟ್ಟಿದರು. ಗಂಟು ಹಾಕಿ, ಎಳೆದು ನೋಡಿ, ಅವರ ಕಿವಿಯ ಬಳಿ ಬಾಗಿದರು. “ಕೇಳಿದ್ರ್ಯಾ? ಇಷ್ಟು ವರ್ಷ ಹೆಸರು ಒಂದು ಕಡೆ, ನೀವೊಂದು ಕಡೆ ಇದ್ರಿ. ಈಗ ಕೂಡಿದ್ರಿ ನೋಡ್ರಿ. ಇನ್ನ ಸುಮ್ಮನ ಹೋಗ್ರಿ, ಯಾರಿಗೂ ಸಾರಿ ಅನ್ನಬ್ಯಾಡ್ರಿ.”

ಆಮೇಲೆ ಮಗನಿಗೆ ಹೇಳಿದರು, “ಈಗ ಕಟ್ಟೋ.”

•

ಸ್ಮಶಾನದ ಕಚೇರಿಯಲ್ಲಿ ಒಂದೇ ಕಿಟಕಿ, ಹೊರಗೆ ಸಾಲು. ಕಟ್ಟಿಗೆಯ ಮೇಲೆ ಬಾಲಚಂದ್ರರನ್ನು ಇಟ್ಟು, ಅನಿಲ್ ಬೆಂಕಿ ಕೊಟ್ಟು ಬಂದಿದ್ದ. ಹೆಂಗಸರು ಬರುವ ಪದ್ಧತಿಯಿಲ್ಲ ಎಂದು ಯಾರೋ ಅಂದದ್ದಕ್ಕೆ, “ಪುಣೆಕ್ಕ ಹೋಗಿದ್ದೆ, ಇಲ್ಲಿಗೆ ಬರಲೇನು ಕಷ್ಟ?” ಎಂದು ರಮಾಮಣಿ ಗಾಡಿ ಹತ್ತಿ ಬಂದಿದ್ದರು. ಈಗ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಮಗಳ ಜೊತೆ ಕೂತಿದ್ದರು. ಹೊಗೆ ಆ ಕಡೆಗೇ ಬರುತ್ತಿತ್ತು, ಅವರು ಎದ್ದು ಜಾಗ ಬದಲಿಸಲಿಲ್ಲ.

ಗುಮಾಸ್ತ ಅನಿಲ್ ಕೊಟ್ಟ ಆಧಾರ್ ನೋಡಿ ಹೆಸರು, ವಯಸ್ಸು, ವಿಳಾಸ ತುಂಬಿಕೊಂಡ. ಅನಿಲ್ ದಪ್ಪ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಅಪ್ಪನ ಹೆಸರನ್ನು ಒಂದೊಂದೇ ಅಕ್ಷರ ಓದಿದ. ಗುಮಾಸ್ತ ಬೇಸರದಿಂದ ಅದನ್ನು ಮತ್ತೆ ತಿರುಗಿಸಿಕೊಂಡ.

“ವರದಿ ಕೊಡುವವರು ಯಾರು?”

ಅನಿಲ್ ಬಾಯಿ ತೆರೆದವನು ಪಕ್ಕಕ್ಕೆ ಸರಿದ. ಯಶವಂತಭಾಯಿ ಮುಂದೆ ಬಂದು, ಕೋಲನ್ನು ಗೋಡೆಗೆ ಒರಗಿಸಿ, ಕಿಟಕಿಯ ಮುಂದೆ ನೆಟ್ಟಗೆ ನಿಂತರು.

“ನಾನು. ಯಶವಂತ ರಣಛೋಡ್‌ಭಾಯಿ ಪರ್ಮಾರ್. ಪಾಂಡೇಸರಾ, ಸುರತ್.”

ಗುಮಾಸ್ತ ಬರೆದುಕೊಂಡ. “ತೀರಿಹೋದವರಿಗೆ ನೀವು ಏನಾಗಬೇಕು?”

ಯಶವಂತಭಾಯಿ ಮುಷ್ಟಿ ಬಿಚ್ಚಿ ಬಿಲ್ಲೆಯನ್ನು ರಿಜಿಸ್ಟರಿನ ಮೇಲೆ ಇಟ್ಟರು. “ಇಬ್ಬರದೂ ಒಂದೇ ನಂಬರು.”

ಗುಮಾಸ್ತ ಬಿಲ್ಲೆಯನ್ನು ನೋಡಿದ, ಅನಿಲ್‌ನನ್ನು ನೋಡಿದ. ಅನಿಲ್ ಹೌದೆಂದು ತಲೆಯಾಡಿಸಿದ. ಹಿಂದಿನವರು ನೂಕುತ್ತಿದ್ದರು. ಗುಮಾಸ್ತ ಕನ್ನಡಕ ಏರಿಸಿಕೊಂಡು, ಬಿಲ್ಲೆಯನ್ನು ಬೆರಳತುದಿಯಿಂದ ಬೆಳಕಿಗೆ ಸರಿಸಿ, ಸಂಬಂಧ ಎಂದಿದ್ದ ಖಾಲಿ ಜಾಗದಲ್ಲಿ ಆ ನಂಬರನ್ನು ಒಂದೊಂದೇ ಅಂಕಿ ನೋಡಿಕೊಂಡು ಬರೆಯತೊಡಗಿದ.